ಸವಿತಾಳ ಉಸಿರಿನ ಪರೀಕ್ಷೆ

ಪೀಣ್ಯದ ನಮ್ಮ ಫ್ಯಾಕ್ಟರೀಲಿ ಸ್ವಿಚ್‌ಬೋರ್ಡಿನ ತಗಡಿನ ಡಬ್ಬಗಳಿಗೆ ಬಣ್ಣ ಹೊಡೀತಿದ್ದ ಸವಿತಾ ಕುಷ್ಟಗಿ ಕಡೆಯವಳು, ಇಪ್ಪತ್ತಾರರ ಹುಡುಗಿ. ನಾನು ಅನುಸೂಯಮ್ಮ, ಪ್ಯಾಕಿಂಗಿನವಳು. ಊಟಕ್ಕೆ ಕೂತಾಗ ನನ್ನ ಮುದ್ದೆ ನೋಡಿ, "ಇದನ್ನ ನುಂಗೂದಾ ಅಕ್ಕಾ? ದೇವ್ರು ಹಲ್ಲು ಯಾಕ ಕೊಟ್ಟಾನ?" ಅಂತ ಅಣಕಿಸೋಳು. ಆಮೇಲೆ ಅದರಲ್ಲೇ ಅರ್ಧ ತಿಂದು ತನ್ನ ಜೋಳದ ರೊಟ್ಟಿ ನನ್ನ ಕಡೆ ತಳ್ಳೋಳು. ಕೋತಿ ಮುಂಡೇದು, ಅವಳಂದ್ರೆ ನನಗೆ ಪ್ರಾಣ.

ಹೋದ ವರ್ಷದಿಂದ ಕೆಲಸದ ಹೊತ್ತಲ್ಲಿ, ಬಣ್ಣ ಹೊಡೆಯೋ ಆ ಗೂಡಿನ ಘಾಟಿಗೆ, ಅವಳಿಗೆ ಎದೆ ಬಿಗಿಯೋದು, ಗೊರಗೊರ ಅನ್ನೋದು. ಭಾನುವಾರ ರೂಮಲ್ಲಿದ್ರೆ ಏನೂ ಇಲ್ಲ. ಆಸ್ಪತ್ರೇಲಿ ಮೆಷಿನ್ನಿಗೆ ಊದಿಸಿ ನೋಡಿದ್ರೂ ಎಲ್ಲ ಸರಿ. ಸೂಪರ್‌ವೈಸರ್ ಈಶಪ್ಪ, "ಬರೀ ನಾಟಕ. ಆಸ್ತಮಾ ಅಂತ ಕಾಗದ ತರ್ಲಿ, ಪ್ಯಾಕಿಂಗಿಗೆ ಹಾಕ್ತೀನಿ" ಅಂದ. ನಮಗೆ ಬೇಕಾಗಿದ್ದು ಆ ಒಂದು ಕಾಗದ.

ಡಾಕ್ಟ್ರು ಇನ್ನೊಂದು ಪರೀಕ್ಷೆ ಬರೆದ್ರು. ಔಷಧಿಯ ಆವಿ ಸ್ವಲ್ಪಸ್ವಲ್ಪ ಎಳೆಸಿ, ಪ್ರತಿ ಸಲ ಊದಿಸಿ ನೋಡ್ತಾರಂತೆ. ಉಸಿರಿನ ಕೊಳವೆ ಸೂಕ್ಷ್ಮ ಇದ್ರೆ ಅಷ್ಟಕ್ಕೇ ಬಿಗಿದುಕೊಳ್ಳುತ್ತಂತೆ. ಪರೀಕ್ಷೆಗೆ ಮುಂಚೆ ಎರಡು ದಿನ ಪಂಪ್, ಅಂದ್ರೆ ಅವಳು ಬಾಯಿಗೆ ಹೊಡ್ಕೊಳ್ಳೋ ಇನ್ಹೇಲರ್, ಮುಟ್ಟಬಾರದು. ಪಾಪ, ಅವಳು ಮುಟ್ಟಲಿಲ್ಲ.

ಅವತ್ತು ಆಸ್ಪತ್ರೆ ಮೆಟ್ಟಿಲು ಹತ್ತುವಾಗಲೇ ಶುರುವಾಯ್ತು. ತುಟಿ ಕಪ್ಪಿಟ್ಟಿತು. ನನ್ನ ಕೈಲಿ ನೋಡೋಕಾಗ್ಲಿಲ್ಲ. "ಪರೀಕ್ಷೆ ಮನೆ ಹಾಳಾಗ! ಜೀವಕ್ಕಿಂತ ಹೆಚ್ಚೇನೇ?" ಅಂತ ಅವಳ ಬ್ಯಾಗಿಂದ ಪಂಪ್ ತೆಗೆದೆ.

"ಅಕ್ಕಾ, ಬ್ಯಾಡಂದಾರ."

ಸುಮ್ನಿರು ಅಂತ ಗದರಿಸಿ ಎರಡು ಸಲ ಹೊಡೆಸಿದೆ.

ಒಳಗೆ ಟೆಕ್ನಿಷಿಯನ್, "ಪಂಪ್ ತಗೊಂಡಿಲ್ಲ ತಾನೇ?" ಅಂತ ಕೇಳಿದ. ಅವಳು ಬಾಯಿ ತೆಗೆಯೋ ಮೊದಲೇ ನಾನು, "ಇಲ್ಲ ಸಾರ್" ಅಂದೆ. ನಿಜ ಹೇಳಿದ್ರೆ ಮುಂದಿನ ತಿಂಗಳು ಬಾ ಅಂತಾರೆ, ಅಲ್ಲಿವರೆಗೂ ಆ ಬಣ್ಣದ ಗೂಡಲ್ಲೇ ಸಾಯ್ಬೇಕು ಅಂತ ನನ್ನ ಯೋಚನೆ. ಹಾಳು ಬುದ್ಧಿ! ಎಳೆದಳು, ಊದಿದಳು, ಏನೂ ಬಿಗೀಲಿಲ್ಲ. ಪಂಪೇ ಕೊಳವೆ ಬಿಗೀದಂಗೆ ತಡೆದಿದೆ ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ. ಆಸ್ತಮಾ ಕಂಡುಬಂದಿಲ್ಲ ಅಂತ ಕಾಗದ ಬಂತು. ಈಶಪ್ಪ ಅವಳನ್ನ ಬಣ್ಣಕ್ಕೇ ನಿಲ್ಲಿಸಿದ. ರೋಗಾನ ಇಲ್ಲಂದ್ರ ಇದ್ಯಾಕ ಅಂತ ಅವಳು ಪಂಪ್ ತರೋದನ್ನೂ ಬಿಟ್ಟಳು.

ಇಪ್ಪತ್ತನೇ ದಿನ ಕೆಲಸ ಮಾಡ್ತಾ ಮಾಡ್ತಾನೇ ಬಿದ್ದಳು. ಬ್ಯಾಗೆಲ್ಲ ತಡಕಿದೆ, ಪಂಪ್ ಇರ್ಲಿಲ್ಲ. ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗಿಬಿಟ್ಟಳು ನನ್ನ ಕೂಸು.

ಬಟ್ಟೆಬರೆ ಒಯ್ಯೋಕೆ ಅವಳ ತಾಯಿ ಶೇಖವ್ವ ರೂಮಿಗೆ ಬಂದಿದ್ಲು. ಆ ಕಾಗದ ನನ್ನ ಮುಂದೆ ಹಿಡಿದು, "ಇದ್ರಾಗ ರೋಗ ಇಲ್ಲಂತ ಬರದಾರಂತಲ್ಲವ್ವ. ಮತ್ತ ನನ್ನ ಮಗಳು ಹೆಂಗ ಹ್ವಾದ್ಲು?" ಅಂದ್ಲು.

ಎಲ್ಲ ಹೇಳಿಬಿಟ್ಟೆ. ನನ್ನ ಸುಳ್ಳನ್ನೂ ಹೇಳಿದೆ. ಹೊಡೀಲಿ ಅಂತ ತಲೆ ತಗ್ಗಿಸಿ ಕೂತೆ.

ಅವಳು ಕಾಗದ ಮಡಚಿ ಕೆಳಗಿಟ್ಟು ಕೇಳಿದ್ಲು, "ಮೆಟ್ಟಲ ಮ್ಯಾಲ ನೀ ಕೊಟ್ಟಾಗ ಆಕಿಗೆ ಉಸಿರು ಸಲೀಸಾತೇನು?"

"ಆಯ್ತವ್ವ. ನಕ್ಕಳು."

ಶೇಖವ್ವ ನನ್ನ ಎರಡೂ ಕೈ ಹಿಡ್ಕೊಂಡ್ಲು. "ಹೆಂಗ ನಕ್ಲು? ಹೇಳವ್ವ."