ಮೈನಸ್ ಹದಿನೆಂಟರಲ್ಲಿ ಅಳತೆ ನೋಡುವ ಸುಂದರಣ್ಣ

ಅಕ್ಟೋಬರ್ ಕೊನೆಯ ಶುಕ್ರವಾರ, ಬೆಳಗಿನ ಐದೂವರೆ. ಬಹರೈನಿನ ಸನದ್‌ನ ಆಚೆ ಕೋಳಿ, ಮೀನು ತುಂಬಿಡುವ ಗೋದಾಮಿನ ಅಂಗಳದಲ್ಲಿ ಇಷ್ಟು ಹೊತ್ತಿಗೇ ಅಂಗಿ ಬೆನ್ನಿಗೆ ಅಂಟುತ್ತಿದೆ. ದಪ್ಪ ಬಾಗಿಲಿನ ಒಳಗೆ ಮಾತ್ರ ಮೈನಸ್ ಹದಿನೆಂಟು. ಅಲ್ಲಿ ಕೋಳಿಯ ಪೆಟ್ಟಿಗೆಗಳ ನಡುವೆ, ಮೊಣಕಾಲು ದಾಟುವ ಕೋಟು ತೊಟ್ಟು ನರ್ಸ್ ಜೋಯ್ಲಿನ್ ಕೈ ಅಗಲಿಸಿ ನಿಂತಿದ್ದಾರೆ. ಮಂಕಿ ಟೋಪಿ ಹಾಕಿಕೊಂಡು, ಸೀಮೆಸುಣ್ಣ ಹಿಡಿದು ಅವರಿಗೆ ಪ್ರದಕ್ಷಿಣೆ ಹಾಕುತ್ತಿರುವವರು ಟೈಲರ್ ಸುಂದರ.

"ಎಷ್ಟು ಚಳಿ ಅಂತ ಬೇಡ. ಮೊದಲು ಎಲ್ಲಿ ಮುಟ್ಟಿತು, ಅಷ್ಟು ಹೇಳು."

ಇಪ್ಪತ್ತು ನಿಮಿಷದ ನಂತರ ಜೋಯ್ಲಿನ್ ಹೇಳುತ್ತಾರೆ: "ಬೆನ್ನಿಗೆ, ಅಣ್ಣ. ಅಡ್ಡಕ್ಕೆ ಒಂದು ಗೆರೆ ಎಳೆದ ಹಾಗೆ ಆಗ್ತಾ ಉಂಟು."

ಆ ಗೆರೆಯನ್ನೇ ಸುಂದರಣ್ಣ ಕೋಟಿನ ಮೇಲೆ ಬಿಳಿಯಲ್ಲಿ ಎಳೆಯುತ್ತಾರೆ. ಒಳಗೆ ಎರಡು ಪದರ ಪ್ಯಾಡಿಂಗ್ ಇದೆ. ಒಂದರ ಹೊಲಿಗೆಯ ಮೇಲೇ ಇನ್ನೊಂದರ ಹೊಲಿಗೆ ಬಿದ್ದರೆ ಅಲ್ಲಿ ಎರಡೂ ಪದರ ಚಪ್ಪಟೆಯಾಗಿ ಚಳಿಗೆ ಹೆದ್ದಾರಿ ತೆರೆಯುತ್ತದೆ. ಅದನ್ನು ಬಿಚ್ಚಿ, ಒಂದೂವರೆ ಇಂಚು ಸರಿಸಿ ಮತ್ತೆ ಹೊಲಿಯಬೇಕು. ಕನ್ನಡಿಯ ಮುಂದೆ ನಿಲ್ಲಿಸಿ ನೋಡಿದರೆ ಇದು ಯಾವ ಟೈಲರಿಗೂ ಕಾಣುವ ತಪ್ಪಲ್ಲ.

ಚಳಿ ಬಿಡಿಸುತ್ತೇನೆ ಎಂದು ಬೆದರಿಸುವವರು ಊರಿನಲ್ಲಿ ಬೇಕಾದಷ್ಟು ಮಂದಿ. ಅದನ್ನೇ ಕಸುಬು ಮಾಡಿಕೊಂಡವರು ಇವರು. ಕಾಪು ಪಕ್ಕದ ಇನ್ನಂಜೆಯ ಸುಂದರ ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷ. ವಾಸ ಗುಫೂಲ್‌ನ ಒಂದು ಕೋಣೆಯಲ್ಲಿ, ಕೆಲಸ ಮನಾಮಾದ ಹಳೆ ಸೂಕ್ ಪೇಟೆಯ ಟೈಲರಿಂಗ್ ಅಂಗಡಿಯಲ್ಲಿ. ದಿನವಿಡೀ ಹೋಟೆಲಿನವರ ಯೂನಿಫಾರಂ, ನರ್ಸುಗಳ ಉಡುಪು, ಅಬಾಯಾದ ಅಂಚು. ಕೋಟು ಏನಿದ್ದರೂ ಕೆಲಸ ಮುಗಿದ ಮೇಲೆ ಮತ್ತು ಶುಕ್ರವಾರ. ಇಲ್ಲಿಂದ ಉತ್ತರದ ತಣ್ಣನೆ ದೇಶಗಳಿಗೆ ಕೆಲಸ ಬದಲಿಸಿ ಹೋಗುವ ನಮ್ಮ ಕರಾವಳಿಯವರಿಗೆ ಏಳು ವರ್ಷಗಳಲ್ಲಿ ಅವರು ಹೊಲಿದ ಕೋಟುಗಳು ಮೂವತ್ತೊಂದು. ಒಂದಕ್ಕೆ ಆರೇಳು ಸಂಜೆ ಬೇಕು. ತೂಕ ಎರಡು ಕಿಲೋದ ಮೇಲೆ.

ಅಲ್ಲಿಗೆ ಹೋಗಿಯೇ ಕೊಳ್ಳಬಹುದಲ್ಲ ಎಂದರೆ ಸುಂದರಣ್ಣ ಜೋಯ್ಲಿನ್ ಕಡೆ ಕೈ ತೋರಿಸುತ್ತಾರೆ. ಆಕೆಯ ಎತ್ತರ ಐದಡಿಗೆ ಒಂದಿಂಚು ಕಡಿಮೆ. "ಅಲ್ಲಿಯ ರೆಡಿಮೇಡ್ ಹಾಕಿದ್ರೆ ಇವಳನ್ನು ಒಳಗೆ ಹುಡುಕಬೇಕು. ತೋಳು ಉದ್ದ ಆದ್ರೆ ಮಡಚಬಹುದು. ಸೊಂಟದಲ್ಲಿ ದೊಗಲೆ ಆದ್ರೆ ಗಾಳಿ ಕೆಳಗಿಂದ ಹತ್ತುತ್ತದೆ."

ಬಾಗಿಲ ಬಳಿ ಕಾವಲು ನಿಂತವರು ಗೋದಾಮಿನ ಸೂಪರ್‌ವೈಸರ್, ಉಳ್ಳಾಲದ ಅಬ್ದುಲ್ ಸಲಾಂ. ಬಹರೈನಿನಲ್ಲಿ ಮೂಲೆಯ ದಿನಸಿ ಅಂಗಡಿಗೂ ಕೋಲ್ಡ್ ಸ್ಟೋರ್ ಎಂದೇ ಹೆಸರು. ಅಲ್ಲಿ ತಣ್ಣಗಿರುವುದು ಲಬನ್ ಎಂಬ ಮಜ್ಜಿಗೆ ಮತ್ತು ಗಲ್ಲಾದವನ ಮುಖ ಮಾತ್ರ. ಸಲಾಂ ಅವರದು ನಿಜವಾದ ಕೋಲ್ಡು. ಲೋಡಿಂಗ್ ಇಲ್ಲದ ಶುಕ್ರವಾರ ಮಾಲೀಕರ ಒಪ್ಪಿಗೆ ಪಡೆದು ಅರ್ಧ ಗಂಟೆ ಬಿಟ್ಟುಕೊಡುತ್ತಾರೆ. ಮೈನಸ್ ಹದಿನೆಂಟು ಸಾಲದು ಅನಿಸಿದರೆ ಗಿರಾಕಿಯನ್ನು ಬ್ಲೋವರಿನ ಗಾಳಿಗೇ ನಿಲ್ಲಿಸುವುದು ಕ್ರಮ. ಜೋಯ್ಲಿನ್ ಅಲ್ಲಿ ನಿಂತಾಗ ಸಲಾಂ ಮಂಗಳೂರು ರೇಡಿಯೋದ ಗಂಭೀರ ಕಂಠ ತಂದುಕೊಂಡು, ಆಕೆ ಹೊರಟಿರುವ ಫಿನ್ಲೆಂಡಿನ ಲ್ಯಾಪ್‌ಲ್ಯಾಂಡಿನ ಒಳನಾಡಿನ ಒಂದೆರಡು ಕಡೆ ಹಿಮ ಬೀಳುವ ಸಾಧ್ಯತೆ ಇದ್ದು ಮೀನುಗಾರರು ಬೋಟು ಇಳಿಸಬಾರದೆಂದು ಎಚ್ಚರಿಸುತ್ತಾರೆ. ಜೋಯ್ಲಿನ್‌ಗೆ ನಗು ಬಂದು ಹಲ್ಲು ಕಟಕಟ ಎನ್ನುತ್ತದೆ.

ಹವಾಮಾನ ಸಲಾಂಗೆ ತಮಾಷೆ, ಸುಂದರಣ್ಣನಿಗೆ ಪಂಚಾಂಗ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಫಿನ್ಲೆಂಡಿನ ಚಳಿಗಾಲದ ಮುನ್ನೋಟದ ನಕ್ಷೆ ಅಂಟಿಸಿದ್ದಾರೆ. ಮುಂದಿನ ಮೂರು ತಿಂಗಳು ವಾಡಿಕೆಗಿಂತ ಚಳಿ ಹೆಚ್ಚಿದ್ದರೆ ನೀಲಿ, ಕಡಿಮೆ ಇದ್ದರೆ ಕೆಂಪು. ಈ ಸಲ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಪೂರ್ತಿ ಕೆಂಪು.

ಮೂರು ವರ್ಷದ ಹಿಂದೆಯೂ ಕೆಂಪೇ ಇತ್ತು. ಆಗ ಅಲ್ಲಿಯ ಹೋಟೆಲೊಂದರ ಅಡುಗೆಮನೆಗೆ ಹೊರಟಿದ್ದ ಆಲ್‌ಸ್ಟನ್ ಎಂಬ ಯುವಕನ ಕೋಟಿನಿಂದ, ಈ ವರ್ಷ ಚಳಿ ಕಡಿಮೆಯಂತೆ ಎಂದು ಸುಂದರಣ್ಣ ತಾವಾಗಿಯೇ ಒಂದು ಪದರ ತೆಗೆದಿದ್ದರು. ಬಹರೈನಿನವರಿಗೆ ಕೆಂಪು ಎಂದರೆ ಸೆಕೆ. ಲ್ಯಾಪ್‌ಲ್ಯಾಂಡಿನಲ್ಲಿ ಜನವರಿಯ ವಾಡಿಕೆಯೇ ಮೈನಸ್ ಹದಿಮೂರರ ಆಸುಪಾಸು. ಎರಡು ಡಿಗ್ರಿ ಬಿಸಿಯಾದರೆ ಮೈನಸ್ ಹನ್ನೊಂದು. ಸಾಲದ್ದಕ್ಕೆ ಅಂಥ ವರ್ಷ ನಡುನಡುವೆ ಒದ್ದೆ ಹಿಮ ಬೀಳುತ್ತದೆ, ಮರುದಿನ ಎಲ್ಲ ಹೆಪ್ಪುಗಟ್ಟುತ್ತದೆ. ಬಸ್ಸಿಗೆ ಕಾಯುತ್ತ ಪೂರ್ತಿ ನೆನೆದ ಆಲ್‌ಸ್ಟನ್ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ. ದೂರು ಹೇಳಲಿಲ್ಲ. ಒಂದು ಫೋಟೋ ಮಾತ್ರ ಕಳುಹಿಸಿದ: ಹೆಪ್ಪುಗಟ್ಟಿದ ಕೋಟು, ಒಳಗೆ ಮನುಷ್ಯನಿಲ್ಲದೆ, ನೆಲದ ಮೇಲೆ ತಾನೇ ನಿಂತುಕೊಂಡಿದೆ.

"ವಾಡಿಕೆ ಅಂತ ಬರೆದಿದ್ರು. ಯಾವ ಊರಿನ ವಾಡಿಕೆ ಅಂತ ನಾನು ಕೇಳಬೇಕಿತ್ತು," ಎನ್ನುತ್ತಾರೆ ಸುಂದರಣ್ಣ. ಆ ಫೋಟೋ ಅವರ ಫೋನಿನಲ್ಲಿ ಈಗಲೂ ಇದೆ.

ಗೋದಾಮಿನ ಹೊರಗೆ ಕರಕ್ ಚಹಾ ಕುಡಿಯುವಾಗ ಜೋಯ್ಲಿನ್ ಮೆಲ್ಲಗೆ ಅದೇ ಮಾತು ತೆಗೆಯುತ್ತಾರೆ. ಹನ್ನೆರಡು ದಿನದಲ್ಲಿ ಪ್ರಯಾಣ. ಲ್ಯಾಪ್‌ಲ್ಯಾಂಡಿನ ಸಣ್ಣ ಪಟ್ಟಣವೊಂದರ ವೃದ್ಧಾಶ್ರಮದಲ್ಲಿ ಕೆಲಸ. ಮೊದಲ ಸಂಬಳ ಬರುವ ತನಕ ಇದೊಂದೇ ಕೋಟು. ಚೀಲದ ತೂಕ ಮೀರುತ್ತಿದೆ. ಈ ವರ್ಷ ಅಲ್ಲಿ ಬಿಸಿಯಂತೆ ಎಂದು ಏಜೆಂಟರೂ ಹೇಳಿದ್ದಾರೆ. ಒಂದು ಪದರ ತೆಗೆದರೆ ಆಗದೇ ಎಂದು ಕೇಳುತ್ತಾರೆ.

ಸುಂದರಣ್ಣ ಗ್ಲಾಸು ಕೆಳಗಿಡುತ್ತಾರೆ. "ಬೇರೆ ಯಾರ ಹತ್ರ ಆದ್ರೂ ತೆಗೆಸು ಮಾರಾಯ್ತಿ. ನನ್ನ ಕತ್ತರಿ ಅದಕ್ಕೆ ಬರುವುದಿಲ್ಲ."

"ತೂಕ ಎಲ್ಲಿ ಇಳಿಸುವುದು, ಅಣ್ಣ?"

"ಉಪ್ಪಿನಕಾಯಿ ಎಷ್ಟು ಕಿಲೋ ಉಂಟು?"

ನಾಲ್ಕು, ಎನ್ನುತ್ತಾರೆ ಜೋಯ್ಲಿನ್, ನೆಲ ನೋಡುತ್ತ. ಎರಡು ಕಿಲೋ ಉಪ್ಪಿನಕಾಯಿ ಬಹರೈನಿನಲ್ಲೇ ಉಳಿಯುವುದೆಂದು ಸಲಾಂ ಅವರ ಮಧ್ಯಸ್ಥಿಕೆಯಲ್ಲಿ ತೀರ್ಮಾನವಾಗುತ್ತದೆ. ಯಾರಲ್ಲಿ ಉಳಿಯುವುದೆಂದು ಸಲಾಂ ಆಗಲೇ ನಿಶ್ಚಯಿಸಿದಂತಿದೆ.

ಬೆನ್ನಿನ ಹೊಲಿಗೆ ಒಂದೂವರೆ ಇಂಚು ಸರಿಯಿತು, ಪದರ ಎರಡೂ ಉಳಿದವು. ಕೆಂಪು ನಕ್ಷೆಗೆಂದು ಸುಂದರಣ್ಣ ಇನ್ನೂ ಒಂದು ಕೆಲಸ ಮಾಡಿದರು. ಹೊರಬಟ್ಟೆಯನ್ನು ನೀರು ಇಳಿಯದಂಥದ್ದಕ್ಕೆ ಬದಲಿಸಿ, ಸೂಜಿ ಹಾಯ್ದಲ್ಲೆಲ್ಲ ಒಳಗಿನಿಂದ ಟೇಪು ಅಂಟಿಸಿ ಇಸ್ತ್ರಿ ಒತ್ತಿದರು. ಅದಕ್ಕೇ ಮೂರು ಸಂಜೆ ಹೋಯಿತು.

ಜೋಯ್ಲಿನ್ ಹೋಗಿ ಎರಡು ತಿಂಗಳು ಕಳೆದಿದೆ. ಸುಂದರಣ್ಣ ಬೆಳಿಗ್ಗೆ ಎದ್ದವರು ಬಹರೈನಿನ ಹವೆ ನೋಡುವುದಿಲ್ಲ, ಆ ಪಟ್ಟಣದ್ದು ನೋಡುತ್ತಾರೆ. ಡಿಸೆಂಬರ್‌ನಲ್ಲಿ ಒದ್ದೆ ಹಿಮ ಬಿತ್ತು. ಜನವರಿ ಎರಡನೇ ವಾರ ಮೂರೇ ದಿನದಲ್ಲಿ ಮೈನಸ್ ಇಪ್ಪತ್ತೇಳಕ್ಕೆ ಇಳಿಯಿತು. ಆ ಮೂರು ದಿನ ಜೋಯ್ಲಿನ್ ಫೋನಿಗೆ ಸಿಗಲಿಲ್ಲ. ಸುಂದರಣ್ಣ ಹೋಟೆಲಿನ ಒಂದು ಯೂನಿಫಾರಮ್ಮಿಗೆ ಎಡತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚಿದರು. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ಎಂದು ಅವರೇ ಹೇಳುತ್ತಾರೆ.

ನಾಲ್ಕನೇ ದಿನ ಬೆಳಿಗ್ಗೆ, ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಕರೆ ಬರುತ್ತದೆ. ಜೋಯ್ಲಿನ್ ಬಸ್ಸಿಗೆ ಮೂವತ್ತೈದು ನಿಮಿಷ ಕಾದು ಆಗಷ್ಟೇ ಕೆಲಸಕ್ಕೆ ತಲುಪಿದ್ದಾರೆ, ದನಿಯಲ್ಲಿ ಸಿಟ್ಟಿದೆ. ಅಲ್ಲಿ ತೆಳ್ಳನೆಯ ಗ್ಲೌಸಿನ ಮೇಲೆ ಬೆರಳಿಲ್ಲದ ದಪ್ಪ ಉಣ್ಣೆಯ ಚೀಲವೊಂದನ್ನು ಕೈಗೆ ಹಾಕುತ್ತಾರಂತೆ. ಅದನ್ನು ಹಾಕಿದರೆ ಕೈ ಕಿಸೆಯೊಳಗೆ ಹೋಗುವುದೇ ಇಲ್ಲವಂತೆ. ಕಿಸೆ ಯಾರ ಕೈಗೆ ಹೊಲಿದದ್ದು, ಮಗುವಿಗಾ ಎಂದು ಕೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಫೋನಿಟ್ಟಿದ್ದಾರೆ.

ಸುಂದರಣ್ಣ ಸೀಮೆಸುಣ್ಣ ತೆಗೆದು, ಮೇಜಿನ ಮೇಲಿರುವ ಮುಂದಿನ ಕೋಟಿನ ಕಿಸೆಯನ್ನು ಎರಡಿಂಚು ಅಗಲ ಮಾಡಿ ಗುರುತು ಹಾಕುತ್ತಾರೆ. ಮುಖ ತುಂಬ ಸಮಾಧಾನ.

"ಕಿಸೆಗೆ ಸರೀ ಬೈದಳು," ಎನ್ನುತ್ತಾರೆ. "ಬೆನ್ನಿನ ಸುದ್ದಿ ಎತ್ತಲೇ ಇಲ್ಲ."