ಈರುಳ್ಳಿ ಹೊಲದ ಮುಯ್ಯಿ ಮತ್ತು ನನ್ನ ಲ್ಯಾಪ್‌ಟಾಪು

ನಾನು ಮಾಡುವ ಕೆಲಸಕ್ಕೆ ನಮ್ಮೂರಿನಲ್ಲಿ ಇರುವ ಹೆಸರು ‘ಮನೇಲಿರೋದು’. ಅಜ್ಜಂಪುರಕ್ಕೆ ಅಷ್ಟೇನೂ ದೂರವಿಲ್ಲದ ಹಳ್ಳಿ ಇದು. ನಾನು ಕಡೂರಿನವಳು, ಮದುವೆಯಾಗಿ ಇಲ್ಲಿಗೆ ಬಂದೆ. ಬರುವಾಗ ಬೀರು, ಮಂಚ, ಪಾತ್ರೆಗಳ ಜೊತೆ ಒಂದು ಲ್ಯಾಪ್‌ಟಾಪನ್ನೂ ತಂದಿದ್ದೆ. ಬೀರುವನ್ನು ಕೇರಿಯವರೆಲ್ಲ ಬಂದು ಮುಟ್ಟಿ, ತಟ್ಟಿ, ಬಾಗಿಲು ತೆಗೆದು ನೋಡಿ ಹೋದರು. ಲ್ಯಾಪ್‌ಟಾಪಿನ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಅದರಲ್ಲಿ ನಾನು ಎಲ್ಲೆಲ್ಲಿಯವರಿಗೋ ವೆಬ್‌ಸೈಟಿನ ಕೋಡ್ ಬರೆಯುತ್ತೇನೆ, ಕನ್ನಡದಲ್ಲಿ ಕಂಪ್ಯೂಟರ್ ಕಲಿಸುವ ವೀಡಿಯೊ ಮಾಡುತ್ತೇನೆ. ಯಾವ ಕಂಪನಿಗೂ ನಾನು ನೌಕರಳಲ್ಲ. ಕೆಲಸ ಸಿಕ್ಕಾಗ ಕೆಲಸ, ಸಿಗದಿದ್ದಾಗ ದೇವರ ಧ್ಯಾನ.

ನಮ್ಮ ಅತ್ತೆಗೆ ಒಂದು ಗಾದೆ ಬಲು ಇಷ್ಟ: ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು. ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತ ಕೂಡಲೇ ಅದು ಅಡುಗೆಮನೆಯಿಂದ, ಯಾರಿಗೂ ಹೇಳಿದ್ದಲ್ಲ ಎನ್ನುವಂತೆ, ಹೊರಟು ಬರುತ್ತಿತ್ತು. ನನ್ನ ಹಣೆಬರಹ, ಈ ಕೆಲಸವನ್ನು ಓಡಾಡಿಕೊಂಡು ಮಾಡಲು ಬರುವುದಿಲ್ಲ.

ನಮ್ಮೂರಿಗೆ ಬಸ್ಸು ತಪ್ಪಿದರೂ ಸರ್ವೆಯವರು ತಪ್ಪುವುದಿಲ್ಲ. ಹಾಗೆ ಬಂದ ಒಬ್ಬರು ಒಮ್ಮೆ ಜಗಲಿಯ ಮೇಲೆ ಕೂತು, ಮನೆಯಲ್ಲಿ ದುಡಿಯುವವರು ಎಷ್ಟು ಜನ ಎಂದು ಕೇಳಿದರು. ಈರುಳ್ಳಿ ಬೆಳೆಯುವ ಮಾವ ಒಬ್ಬರು, ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಗಂಡ ಇನ್ನೊಬ್ಬರು. ‘ಇಬ್ರು’ ಎಂದರು ಅತ್ತೆ. ಆಗಷ್ಟೇ ಹೊಲದಿಂದ ಬಂದಿದ್ದರು, ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಇನ್ನೂ ಇಳಿಸಿರಲಿಲ್ಲ. ನಾನು ಒಳಗೆ ಯಾರದೋ ಬಿದ್ದುಹೋದ ವೆಬ್‌ಸೈಟನ್ನು ಎತ್ತಿ ನಿಲ್ಲಿಸುತ್ತಿದ್ದೆ. ನನ್ನನ್ನು ಲೆಕ್ಕದಿಂದ ಬಿಟ್ಟಿದ್ದಕ್ಕೆ ಮೈಯೆಲ್ಲ ಉರಿದುಹೋಯಿತು.

ದುಡಿಯದವಳಿಗೆ ಬಿಡುವು ಜಾಸ್ತಿ ಎಂಬುದು ಊರಿನ ತರ್ಕ. ಮದುವೆಯ ಕಾರ್ಡು ನನ್ನ ಬಳಿ ಬಂತು. ಮರೆತುಹೋದ ಪಾಸ್‌ವರ್ಡುಗಳು ಬಂದವು. ಮಾರಾಟಕ್ಕಿದ್ದ ಎಮ್ಮೆಯ ವೀಡಿಯೊ ಬಂತು, ಹಾಲು ಕರೆಯುವಾಗ ಅದು ಒದೆಯುವ ಭಾಗವನ್ನು ಕತ್ತರಿಸಿ ಕೊಡಬೇಕೆಂಬ ಅಪ್ಪಣೆಯೊಂದಿಗೆ. ಅಂತರಘಟ್ಟೆಯ ಕಡೆಯ ನೆಂಟರೊಬ್ಬರು ತೀರಿಕೊಂಡ ತಮ್ಮ ತಂದೆಯ ಫೋಟೊಗೆ ಕೋಟು ತೊಡಿಸಿಕೊಡು ಎಂದರು. ಬದುಕಿರುವಾಗ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದಿದ್ದ ಮನುಷ್ಯನಿಗೆ ಕೋಟು ತೊಡಿಸಿದೆ. ಮಾರನೆಯ ದಿನ ಟೈ ಬೇಕೆಂದರು. ಎಲ್ಲವೂ ‘ಐದು ನಿಮಿಷದ ಕೆಲಸ’ ಎಂಬ ಹೆಸರಿನಲ್ಲೇ ಬರುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಆದರೆ ಸೊಪ್ಪನ್ನು ಮಾತ್ರ ಎಲ್ಲರೂ ಕಿತ್ತುಕೊಂಡು ಹೋಗುತ್ತಾರೆ.

ಇದರ ನಡುವೆ ನನ್ನ ನಿಜವಾದ ಗಿರಾಕಿಗಳ ಕೆಲಸ ತಡವಾಗುತ್ತಿತ್ತು. ತಡವಾದಂತೆ ಅವರು ಒಬ್ಬೊಬ್ಬರೇ ಕಳಚಿಕೊಂಡರು. ಕೊನೆಗೆ ಉಳಿದದ್ದು ಪುಣೆಯ ಒಂದು ಸಣ್ಣ ಕಂಪನಿ ಮಾತ್ರ. ನನ್ನ ಸಪ್ಪೆ ಮುಖ ನೋಡಲಾರದೆ ಮಾವ ತರೀಕೆರೆಯ ಒಂದು ಖಾಸಗಿ ಶಾಲೆಯಲ್ಲಿ ನನಗಾಗಿ ಮಾತಾಡಿ ಬಂದರು. ಅಲ್ಲಿ ಕಂಪ್ಯೂಟರ್ ಟೀಚರ್ ಜಾಗ ಖಾಲಿಯಾಗಿತ್ತು, ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಅನ್ನಬೇಕಿತ್ತು. ಅವರನ್ನು ದೂರಲಾರೆ. ಕೆಲಸವೆಂದರೆ ಬೆಳಿಗ್ಗೆ ಮನೆ ಬಿಡಬೇಕು, ಬಸ್ಸಿನಲ್ಲಿ ಜೋತಾಡಬೇಕು, ಕೊರಳಲ್ಲಿ ಗುರುತಿನ ಚೀಟಿ ನೇತಾಡಬೇಕು, ಸಂಜೆ ಬಂದು ಉಸ್ಸಪ್ಪಾ ಎನ್ನಬೇಕು. ಇದರಲ್ಲಿ ಒಂದೂ ನನ್ನ ಕೆಲಸಕ್ಕೆ ಇರಲಿಲ್ಲ. ನನಗೋ ಆ ಶಾಲೆ ಬೇಡವೇ ಬೇಡವಾಗಿತ್ತು. ವರ್ಷಗಟ್ಟಲೆ ಒಬ್ಬಳೇ ಕಲಿತು ಕಟ್ಟಿಕೊಂಡಿದ್ದನ್ನು ಬಿಟ್ಟು, ಮಕ್ಕಳಿಗೆ ಮೌಸಿನಲ್ಲಿ ಗುಡಿಸಲು ಬಿಡಿಸುವುದನ್ನು ಹೇಳಿಕೊಡುವುದು ನೆನೆದರೆ ಅಳುವೇ ಬರುತ್ತಿತ್ತು. ಆದರೆ ಬೇಡ ಎನ್ನಲು ನನ್ನ ಹತ್ತಿರ ಇದ್ದದ್ದು ಒಬ್ಬನೇ ಗಿರಾಕಿ.

ಅಷ್ಟರಲ್ಲಿ ಈರುಳ್ಳಿ ಕಳೆಗೆ ಬಂತು. ಕೂಲಿಗೆ ಆಳು ಸಿಗುವುದಿಲ್ಲ, ಆದ್ದರಿಂದ ನಮ್ಮ ಕೇರಿಯ ಹೆಂಗಸರು ಮುಯ್ಯಾಳು ಕೂಡುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತಿಲ್ಲ, ಹಾಗೆಯೇ ಮರೆಯುವ ಮಾತೂ ಇಲ್ಲ. ಯಾರ ಮೇಲೆ ಯಾರ ದಿನ ಬಾಕಿ ಇದೆ ಎಂಬುದು ಅತ್ತೆಗೆ ಬಾಯಿಪಾಠ. ಆ ವರ್ಷ ಎದುರು ಮನೆಯಾಕೆ ಅತ್ತೆಯಿಂದ ಒಂದು ದಿನ ಕಳೆ ತೆಗೆಸಿಕೊಂಡು, ಅದನ್ನು ತೀರಿಸದೆ ಲಿಂಗದಹಳ್ಳಿಯ ತವರಿಗೆ ಹೋಗಿ ಕೂತಿದ್ದಳು. ಅತ್ತೆ ಬೆಳಿಗ್ಗೆಯಿಂದ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಆಗ ಆಕೆಯದೇ ಫೋನು ಬಂತು. ಮುಯ್ಯಿಯ ವಿಚಾರಕ್ಕಲ್ಲ, ತಮ್ಮನ ಕೋಳಿ ಅಂಗಡಿಗೆ ಒಂದು ಬ್ಯಾನರು ಬೇಕಂತೆ, ಸಂಜೆಯೊಳಗೆ. ಅತ್ತೆ ಹಲ್ಲು ಕಚ್ಚಿಕೊಂಡೇ ಫೋನನ್ನು ನನ್ನ ಕೈಗೆ ಕೊಡಲು ಬಂದರು.

ನಾನು ತೆಗೆದುಕೊಳ್ಳಲಿಲ್ಲ. ‘ಅತ್ತೆ, ಅವರ ಮಗಳ ಮದ್ವೆ ಕಾರ್ಡು ನಾನೇ ಮಾಡಿದ್ದು. ಎಮ್ಮೆ ವೀಡಿಯೊನೂ ನಾನೇ. ನನ್ನ ಮುಯ್ಯಿ ಯಾವಾಗ ತೀರಿಸ್ತಾರಂತೆ?’ ಎಂದೆ.

ಅತ್ತೆ ಫೋನಿಗೆ ಸೆರಗು ಮುಚ್ಚಿ ಹಿಡಿದರು. ದುಡ್ಡು ಕೇಳಿದ್ದರೆ ಪೇಟೆಯ ಹುಡುಗಿ, ಆಸೆಬುರುಕಿ ಎಂದು ಮುಗಿಸುತ್ತಿದ್ದರು. ಮುಯ್ಯಿ ಹಾಗಲ್ಲ, ಅದು ಧರ್ಮದ ವಿಷಯ. ಆ ಕಾರ್ಡಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರು. ಹೆಚ್ಚುಕಡಿಮೆ ಅರ್ಧ ದಿನ ಎಂದೆ. ಎಮ್ಮೆಗೆ? ಅದೂ ಅಷ್ಟೇ, ತುಂಬ ಒದೆಯುತ್ತಿತ್ತು. ಅತ್ತೆ ಫೋನನ್ನು ಕಿವಿಗೆ ಇಟ್ಟುಕೊಂಡರು.

‘ನಂದೊಂದು ದಿನ, ನಮ್ ಸೊಸೇದೊಂದು ದಿನ, ಎರಡು ದಿನ ಐತೆ ಕಣೇ ನಿನ್ ಮೇಲೆ. ಮೊದ್ಲು ಅದ್ ತೀರ್ಸು, ಆಮೇಲೆ ಕೋಳಿ ನೋಡಾಣ.’

ಹೀಗೆ ನನಗೆ ಒಬ್ಬ ಮ್ಯಾನೇಜರು ಸಿಕ್ಕರು. ಇಂಗ್ಲಿಷ್ ಬರುವುದಿಲ್ಲ, ಕಂಪ್ಯೂಟರನ್ನು ಮುಟ್ಟಿದವರಲ್ಲ, ಆದರೆ ವಸೂಲಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಹೊಸಿಲು ದಾಟುವ ಮೊದಲೇ ಬಂದವರನ್ನು ನಿಲ್ಲಿಸಿ ಎಷ್ಟು ದಿನದ ಕೆಲಸ, ಮುಯ್ಯಿಗೆ ಯಾರು ಬರುತ್ತಾರೆ ಎಂದು ಇತ್ಯರ್ಥ ಮಾಡಿಯೇ ಒಳಗೆ ಬಿಡುತ್ತಿದ್ದರು. ತಂದೆಗೆ ಟೈ ಕಟ್ಟಿಸಿಕೊಂಡ ನೆಂಟರು ಪಂಚೆ ಎತ್ತಿ ಕಟ್ಟಿ ನಮ್ಮ ಈರುಳ್ಳಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನ್ನು ನಾನು ಕಣ್ಣಾರೆ ಕಂಡೆ. ಐದು ನಿಮಿಷದ ಕೆಲಸಗಳೆಲ್ಲ ಊರು ಬಿಟ್ಟು ಗುಳೆ ಹೋದವು. ನನ್ನ ಡಿಜಿಟಲ್ ಉದ್ಯಮದ ಮೊದಲ ಲಾಭವನ್ನು ಮಾವನ ಈರುಳ್ಳಿ ತಿಂದಿತು ನಿಜ. ಆದರೆ ಬೆಳಗಿನ ಹೊತ್ತು ನನಗೆ ಸಿಕ್ಕಿತು. ಆ ಹೊತ್ತಿನಲ್ಲೇ ಹುಡುಕಿ, ಕೈಬಿಟ್ಟು ಹೋಗಿದ್ದ ಇಬ್ಬರು ಗಿರಾಕಿಗಳನ್ನು ಮತ್ತೆ ಹಿಡಿದೆ.

ಒಂದು ದಿನ ಹೊಲಕ್ಕೆ ಊಟ ಕೊಂಡುಹೋಗಿದ್ದೆ. ಮುಯ್ಯಿಗೆ ಬಂದವರಿಗೆ ಮಾವ, ಹೇಗೂ ಬಂದಿದ್ದೀರಿ, ಹಾಗೇ ಒಂದಿಷ್ಟು ಗೊಬ್ಬರವನ್ನೂ ಹಾಕಿಬಿಡಿ ಎಂದು ನಯವಾಗಿ ಹೇಳಿದರು. ‘ಕಳೆ ಅಂದ್ರೆ ಕಳೆ’ ಎಂದರು ಅತ್ತೆ, ತಲೆ ಎತ್ತದೆ. ‘ಗೊಬ್ಬರುಕ್ಕೆ ಬ್ಯಾರೆ ದಿನ.’ ಮಾವ ಗೊಬ್ಬರದ ಚೀಲವನ್ನು ಮತ್ತೆ ಕಟ್ಟಿದರು.

ಅದೇ ವಾರ ಪುಣೆಯವರು ವೀಡಿಯೊ ಕಾಲಿನಲ್ಲಿ ಮಾತಿಗೆ ಕರೆದರು. ಒಪ್ಪಿಕೊಂಡ ವೆಬ್‌ಸೈಟಿನ ಜೊತೆಗೆ, ಹೇಗೂ ಮಾಡುತ್ತಿದ್ದೀರಿ, ಹಾಗೇ ಒಂದು ಮೊಬೈಲ್ ಆ್ಯಪನ್ನೂ ಮಾಡಿಬಿಡಿ ಎಂದರು. ಅದಕ್ಕೆ ಬೇರೆ ಹಣವೇನೂ ಇಲ್ಲ. ನಾವೆಲ್ಲ ಒಂದೇ ಕುಟುಂಬ ಅಲ್ಲವೇ ಎಂದು ನಕ್ಕರು. ಕುಟುಂಬ ಎಂದ ಕೂಡಲೇ ನಾನು ಹುಷಾರಾದೆ. ಕುಟುಂಬ ಹೇಗೆ ಕೆಲಸ ಮಾಡಿಸಿಕೊಳ್ಳುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು, ಕಳೆ ಅಂದರೆ ಕಳೆ, ಗೊಬ್ಬರಕ್ಕೆ ಬೇರೆ ದಿನ ಎಂಬ ಅರ್ಥ ಬರುವ ಹಾಗೆ ಹೇಳಿದೆ. ಅವರು ಯೋಚಿಸಿ ಹೇಳುತ್ತೇವೆ ಎಂದು ಸುಮ್ಮನಾದರು. ಎಷ್ಟೋ ದಿನ ಉತ್ತರವಿಲ್ಲ. ಧರ್ಮ ಕಾಪಾಡಲು ಹೋಗಿ ಅನ್ನ ಕಳೆದುಕೊಂಡೆನೇ ಎಂದು ನನಗೆ ಊಟ ಸೇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮೇಲ್ ಬಂತು: ಆ್ಯಪಿಗೆ ಬೇರೆ ಒಪ್ಪಂದ, ವೆಬ್‌ಸೈಟಿನ ಉಸ್ತುವಾರಿಗೆ ಇಡೀ ವರ್ಷದ ಒಪ್ಪಂದ. ಕುಟುಂಬದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ, ದೇವರು ದೊಡ್ಡವನು.

ತಿಂಗಳು ಮುಗಿಯಿತು. ಮಾವ ತರೀಕೆರೆಯವರಿಗೆ ಏನು ಹೇಳಲಿ ಎಂದು ಕೇಳಿದರು. ನಾನು ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದೆ: ಮೂವರು ಗಿರಾಕಿಗಳು, ವರ್ಷದ ಒಪ್ಪಂದ, ನನ್ನ ಸ್ವಾತಂತ್ರ್ಯ, ಹೆಣ್ಣುಮಕ್ಕಳ ಆತ್ಮಗೌರವ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

‘ಅವ್ಳು ಎಲ್ಲೂ ಹೋಗಕಿಲ್ಲ ಕಣ್ರೀ. ಅವ್ಳು ಶಾಲೆಗೆ ಹೋದ್ರೆ ಎರಡ್ನೇ ಕಳೆಗೆ ಆಳು ಎಲ್ಲಿಂದ ತತ್ತೀರಾ?’

ಮಾವ ಒಂದು ಗಳಿಗೆ ಯೋಚಿಸಿ, ಅದೂ ಸರಿಯೇ ಎಂದು ಶಾಲೆಗೆ ಫೋನು ಮಾಡಲು ಎದ್ದರು. ನನ್ನ ಭಾಷಣ ಇವತ್ತಿಗೂ ನನ್ನ ಬಳಿಯೇ ಇದೆ, ಬೇಕಾದವರು ಒಯ್ಯಬಹುದು. ಇಷ್ಟು ವರ್ಷದ ವಿದ್ಯೆ, ಇಷ್ಟು ಕೋಡ್, ಇಷ್ಟೊಂದು ವೀಡಿಯೊ. ಕೊನೆಗೆ ನನ್ನ ವೃತ್ತಿಯನ್ನು ಕಾಪಾಡಿದ್ದು ಈರುಳ್ಳಿ ಸಾಲಿನ ಕಳೆ, ಆ ಕೊನ್ನಾರಿ ಹುಲ್ಲು. ಕೇಳಿದವರಿಗೆಲ್ಲ ಈಗ ಇದನ್ನೇ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ಈರುಳ್ಳಿ ಕಿತ್ತು ಅಂಗಳಕ್ಕೆ ಬಂದಾಗ ಮತ್ತೊಂದು ಸರ್ವೆ ಬಂತು. ಜಗಲಿ ಅದೇ, ಪ್ರಶ್ನೆಯೂ ಅದೇ. ನಾನು ಕೋಣೆಯಲ್ಲಿ ಕೆಲಸದಲ್ಲಿದ್ದೆ, ಬಾಗಿಲು ತೆರೆದಿತ್ತು. ಮಾವ ರೂಢಿಯಂತೆ ಇಬ್ಬರು ಎಂದರು. ಅಂಗಳದಲ್ಲಿ ರಾಶಿಯ ಮುಂದೆ ಕೂತು ಈರುಳ್ಳಿಯ ಬಾಲ ಕೊಯ್ಯುತ್ತಿದ್ದ ಅತ್ತೆ ಕುಡುಗೋಲು ನಿಲ್ಲಿಸಿದರು.

‘ನಾಲ್ಕು ಅಂತ ಬರ್ಕಳಿ ಸಾ’ ಎಂದರು.

ಬಂದವರು ಪೆನ್ನು ಎತ್ತಿ, ಇನ್ನಿಬ್ಬರು ಯಾರು ಎಂದು ಕೇಳಿದರು. ಅತ್ತೆ ಕುಡುಗೋಲಿನಿಂದಲೇ ನನ್ನ ಕೋಣೆಯ ಕಡೆ ತೋರಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾರದೋ ವಿಷಯ ಹೇಳುವ ಹಾಗೆ, ರಾಶಿಯನ್ನೇ ನೋಡುತ್ತ ಹೇಳಿದರು:

‘ಇನ್ನೊಬ್ಳು ನಾನು.’