ತೊಟ್ಟಿಲಿಗೆ ಬೆನ್ನು ಹಾಕಿದ ಚಿಕ್ಕಹನುಮಕ್ಕ

ಬಡವನಹಳ್ಳಿಯ ಚಿಕ್ಕಹನುಮಕ್ಕ ಬಾಣಂತಿಯರಿಗೆ ನೀರು ಹಾಕಲು ಯಾವ ಮನೆಗೆ ಹೋದರೂ ತೊಟ್ಟಿಲಿಗೆ ಬೆನ್ನು ಮಾಡಿಯೇ ಕೂರುತ್ತಾಳೆ. ಮೂವತ್ತು ವರ್ಷದಲ್ಲಿ ಒಂದು ಕೂಸಿನ ಮುಖವನ್ನೂ ನೋಡಿದವಳಲ್ಲ. ಊರಿಗೆ ಇಷ್ಟು ಸಾಕಾಯಿತು. ಆಕೆಯ ದೃಷ್ಟಿಗೆ ತೆಂಗಿನಮರ ಸೀಳಿತ್ತಂತೆ. ಮಧುಗಿರಿ ಬಸ್ಸು ಏರಿನಲ್ಲಿ ಕೆಟ್ಟು ನಿಂತದ್ದೂ ಆಕೆ ಒಮ್ಮೆ ತಿರುಗಿ ನೋಡಿದ್ದಕ್ಕಂತೆ. ಆಕೆಯ ಹಂಡೆಯ ಕಾವನ್ನು ತಿರುಮಣಿಯಲ್ಲಿ ಸೋಲಾರ್ ಕರೆಂಟು ತೆಗೆಯುವವರು ಕಂಡಿದ್ದರೆ ಬಿಸಿಲನ್ನು ನಂಬಿ ಕೂರುತ್ತಿರಲಿಲ್ಲ ಎಂದು ಹೋಟೆಲಿನ ಮಹಾಲಿಂಗಯ್ಯ ಟೀ ಸೋಸುತ್ತ ಘೋಷಿಸಿದ್ದ.

ಈ ಮಹಾಮಹಿಮಳ ಕೈಗೆ ಈ ಸಲ ಸಿಕ್ಕವಳು ತವರಿಗೆ ಬಂದಿದ್ದ ಚೊಚ್ಚಲ ಬಾಣಂತಿ ಯಶೋಧರಾ. ತಾಯಾದ ಗಳಿಗೆಯಲ್ಲೇ ಮಮತೆ ಹಾಲಿನಂತೆ ಉಕ್ಕುತ್ತದೆ ಎಂದು ಎಲ್ಲರೂ ಹೇಳಿದ್ದರು. ಇಪ್ಪತ್ತೆರಡು ದಿನ ಕಾದಳು; ಉಕ್ಕಿದ್ದು ಅಳು ಮಾತ್ರ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ. ತಾನು ತಾಯಿಯೇ ಅಲ್ಲವೇನೋ ಎಂಬ ಭಯವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಅವಳ ಅವ್ವನ ಪ್ರಕಾರ ಇದೆಲ್ಲ ಶೀತ. ಕಿವಿಗೆ ಇನ್ನಷ್ಟು ಹತ್ತಿ, ಕೋಣೆಗೆ ಇನ್ನಷ್ಟು ಸಾಂಬ್ರಾಣಿ.

ಬಚ್ಚಲಲ್ಲಿ ಬೆನ್ನಿಗೆ ನೀರು ಸುರಿಯುತ್ತ ಚಿಕ್ಕಹನುಮಕ್ಕ ಕೇಳಿದಳು: “ನಿದ್ದೆ ಬಂತೇನಮ್ಮ?”

ಅಲ್ಲಿವರೆಗೆ ಬಂದವರೆಲ್ಲ ಕೇಳಿದ್ದು ಮಗುವಿನ ತೂಕ, ಬಣ್ಣ, ಮೂಗು ಯಾರದು ಎಂದು. ಯಶೋಧರಾ ಬಿಕ್ಕಿದಳು. “ಮಗೀನ ಎತ್ಕೊಂಡ್ರೆ ಏನೂ ಅನ್ಸಲ್ಲ ಹನುಮಕ್ಕಾ. ಎಲ್ಲಾದ್ರೂ ಹೊಂಟೋಗಾನ ಅನ್ಸುತ್ತೆ. ನಾನೆಂಥ ತಾಯಿ?”

ಚೊಂಬು ನಿಂತಿತು. “ನಂಗೂ ಮೊದಲ್ನೇದು ಹುಟ್ದಾಗ ಅಂಗೇ ಆಗಿತ್ತು. ದೆವ್ವ ಅಂತ ಬೇವಿನ ಸೊಪ್ಪಲ್ಲಿ ಬಡುದ್ಬುಟ್ರು.” ಆಮೇಲೆ ಒಳಗೆ ಕೂಗಿದಳು: “ಅಕ್ಕಯ್ಯಾ, ಆಟೋ ಹೇಳು! ಮಧುಗಿರಿ ಡಾಕ್ಟ್ರತ್ರ ಹೋಗ್ಬೇಕು.”

“ಬಾಣಂತಿ ಹೊಸ್ಲು ದಾಟದಾ? ಗಾಳಿ ತಗುಲ್ತೈತೆ!” ಎಂದಳು ಅವ್ವ.

“ನೀ ಹಾಕಿರೋ ಹೊಗೇಲಿ ಗಾಳಿಗೂ ಉಸಿರು ಕಟ್ತೈತೆ, ಬುಡು!”

ಹೊಸಿಲು ಸೋತಿತು. ಇದು ಕಾಯಿಲೆ, ವಾಸಿಯಾಗುತ್ತದೆ, ತಪ್ಪು ನಿನ್ನದಲ್ಲ ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ಅವಳು ನಿದ್ದೆ ಮಾಡಲಿ, ತೊಟ್ಟಿಲು ನೀನು ತೂಗಮ್ಮ ಎಂದು ಅವ್ವನಿಗೆ ಅಪ್ಪಣೆಯಾಯಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಗು ಆಕಳಿಸಿದ್ದನ್ನು ಕಂಡು ಯಶೋಧರಾ ತನಗೇ ತಿಳಿಯದೆ ನಕ್ಕುಬಿಟ್ಟಳು. ಆ ನಗುವಿನ ಧೈರ್ಯದಲ್ಲೇ ಊರು ಮೂವತ್ತು ವರ್ಷ ಕೇಳಲಂಜಿದ್ದನ್ನು, ನೀರು ಕಾಯಿಸಿ ಕರೆಯಲು ಬಂದಿದ್ದ ಚಿಕ್ಕಹನುಮಕ್ಕನನ್ನು ಕೇಳಿದಳು: “ಹನುಮಕ್ಕಾ, ಮಗೀನ ಯಾಕೆ ನೋಡಲ್ಲ ನೀನು? ಏನಾದ್ರೂ ವ್ರತವಾ?”

ಅವ್ವ ಸಾಂಬ್ರಾಣಿ ಊದುವುದನ್ನು ನಿಲ್ಲಿಸಿದಳು. ಪಕ್ಕದ ಗೋಡೆಯ ಮೇಲೆ ಎರಡು ತಲೆ ಮೂಡಿದವು.

“ಮಗೀನ ನೋಡಾಕೆ ಊರೇ ಬತ್ತೈತೆ ಕಣಮ್ಮ,” ಎಂದಳು ಚಿಕ್ಕಹನುಮಕ್ಕ. “ನಾ ನೀರು ಹಾಕದು ನಿಂಗೆ. ಎದ್ದೇಳು, ಆರೋಯ್ತದೆ.”